ಬಾಯಿಪಾಠದ ಮಗ್ಗಿ, ಹದಿಮೂರು ಚೀಲ ತೊಗರಿ

ದೀಪ ಹಚ್ಚುವ ಹೊತ್ತು. ಆಳಂದ ತಾಲ್ಲೂಕಿನ ನಿಂಬರ್ಗಾದ ಒಂದು ಮನೆಯ ಕಟ್ಟೆಯ ಮೇಲೆ ಕುಳಿತು ಆರನೆಯ ತರಗತಿಯ ಹುಡುಗನೊಬ್ಬ ಮಗ್ಗಿ ಒಪ್ಪಿಸುತ್ತಿದ್ದಾನೆ. "ಹತ್ತೊಂಬತ್ತೊಂದ್ಲೆ ಹತ್ತೊಂಬತ್ತು, ಹತ್ತೊಂಬತ್ತೆರಡ್ಲೆ ಮೂವತ್ತೆಂಟು..." ಧ್ವನಿಯಲ್ಲಿ ಎಲ್ಲಿಯೂ ತಡೆಯಿಲ್ಲ. "ಹತ್ತೊಂಬತ್ತೊಂಬತ್ಲೆ ನೂರಾ ಎಪ್ಪತ್ತೊಂದು" ಎಂದು ಮುಗಿಸುವಾಗ ಒಳಗೆ ರೊಟ್ಟಿ ಬಡಿಯುತ್ತಿದ್ದ ತಾಯಿಯ ಮುಖದಲ್ಲಿ ಹೆಮ್ಮೆ. ಇಪ್ಪತ್ತರವರೆಗೆ ಮಗ್ಗಿ ಬರುವ ಮಗನಿಗೆ ಗಣಿತದಲ್ಲಿ ಇನ್ನೇನು ಕೊರತೆ?

ಪಕ್ಕದಲ್ಲಿ ಗೋಡೆಗೊರಗಿ ಕುಳಿತ ಮುತ್ಯಾನಿಗೆ ವಯಸ್ಸು ಎಂಬತ್ತು ದಾಟಿದೆ. ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವರು. ಮೊಮ್ಮಗನ ಮಗ್ಗಿ ಕೇಳುತ್ತ ತಲೆಯಾಡಿಸುವುದು ಅವರ ನಿತ್ಯದ ಸಂಜೆಯ ಕೆಲಸ. ಆದರೆ ಆ ಸಂಜೆ ನಡೆದ ಒಂದು ಸಣ್ಣ ಘಟನೆ, ಮಗ್ಗಿ ಬರುವುದಕ್ಕೂ ಗುಣಾಕಾರ ತಿಳಿಯುವುದಕ್ಕೂ ಇರುವ ಅಂತರವನ್ನು ಇಡೀ ಮನೆಗೆ ತೋರಿಸಿಕೊಟ್ಟಿತು.

ಹುಡುಗನ ತಂದೆ ತೊಗರಿ ಮಾರಿ ಬಂದಿದ್ದರು. ತೊಗರಿಯೆಂದರೆ ಕಲಬುರಗಿ ಸೀಮೆಯ ಜೀವಾಳ. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ವರ್ಷವಿಡೀ ಮಳೆಗೆ, ಹುಳಕ್ಕೆ, ಕಳೆಗೆ ಹೆದರುತ್ತ ಬೆಳೆದ ಬೆಳೆ ಕೊನೆಗೆ ಬಂದು ನಿಲ್ಲುವುದು ಅಂಗೈಯಗಲದ ಒಂದು ಲೆಕ್ಕದ ಚೀಟಿಯ ಮೇಲೆ. ತಂದೆ ಆ ಚೀಟಿಯನ್ನು ಮಗನ ಕೈಗಿತ್ತು, "ಲೆಕ್ಕ ಬರೋಬರಿ ಅದನೋ ಇಲ್ಲೋ ನೋಡು" ಎಂದರು. ಚೀಟಿಯಲ್ಲಿ ತೂಕ 6.05 ಕ್ವಿಂಟಲ್, ದರ 7,400 ರೂಪಾಯಿ, ಹಮಾಲಿ ಮುಂತಾದ ಖರ್ಚು ಕಳೆಯುವುದಕ್ಕೆ ಮುಂಚಿನ ಮೊತ್ತ 44,770 ರೂಪಾಯಿ ಎಂದಿತ್ತು.

ಹುಡುಗ ಪಾಟಿಯಲ್ಲಿ ಬರೆದು ಗುಣಿಸಿದ. 6.05ನ್ನು 7,400ರಿಂದ ಗುಣಿಸಿದರೆ 44,770. ಚೀಟಿಯ ಮೊತ್ತಕ್ಕೂ ಅವನ ಉತ್ತರಕ್ಕೂ ಒಂದು ರೂಪಾಯಿಯ ವ್ಯತ್ಯಾಸವಿಲ್ಲ. "ಬರೋಬರಿ ಅದ ಅಪ್ಪಾ" ಎಂದ. ತಂದೆ ಸಮಾಧಾನದಿಂದ ಕೈಕಾಲು ತೊಳೆಯಲು ಎದ್ದರು.

ಆಗ ಮುತ್ಯಾ ಕೇಳಿದರು: "ತಮ್ಮಾ, ಎಷ್ಟ ಚೀಲ ಹೋಗಿದ್ವು?"

"ಹದಿಮೂರು, ಮುತ್ಯಾ."

"ಚೀಲದಾಗ ಎಷ್ಟ ಕಿಲೋ?"

"ಐವತ್ತು."

"ಅಂದ್ರ ಎರಡ ಚೀಲಕ್ಕ ಒಂದ ಕ್ವಿಂಟಲ್. ಹದಿಮೂರಕ್ಕ?"

"ಆರೂವರಿ."

"ದರ ಏಳ ಸಾವಿರನೇ ಹಿಡಿ. ಆರೇಳ್ಲೆ?"

"ನಲವತ್ತೆರಡು ಸಾವಿರ."

"ಉಳದ ಅರ್ಧಕ್ಕ?"

"ಮೂರೂವರಿ ಸಾವಿರ. ಎರಡೂ ಕೂಡಿ ನಲವತ್ತೈದೂವರಿ ಸಾವಿರ."

"ಮ್ಯಾಲಿನ ನಾಕನೂರು ಹಿಡೀಲಾರದೇ ಇಷ್ಟಾತು. ಮತ್ತ ಚೀಟ್ಯಾಗ ನಲವತ್ನಾಕ ಸಾವಿರ ಚಿಲ್ಲರ ಹೆಂಗ ಬರ್ತದ?"

ಹುಡುಗ ಬಾಯಿ ಬಿಟ್ಟುಕೊಂಡು ಕುಳಿತ. ಅವನ ಗುಣಾಕಾರದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದುದು ಗುಣಿಸಿದ ಸಂಖ್ಯೆಯಲ್ಲಿ. ಆರು ಕ್ವಿಂಟಲ್ ಐವತ್ತು ಕಿಲೋ ಎಂದರೆ 6.50. ಚೀಟಿ ಬರೆಯುವಾಗ ಐದು ಮತ್ತು ಸೊನ್ನೆ ಜಾಗ ಬದಲಿಸಿ 6.05 ಆಗಿತ್ತು. 6.05 ಎಂದರೆ ಆರು ಕ್ವಿಂಟಲ್ ಐದು ಕಿಲೋ ಮಾತ್ರ. ನಲವತ್ತೈದು ಕಿಲೋ ತೊಗರಿ ಒಂದು ಚುಕ್ಕಿಯ ಆಚೆ ಈಚೆ ಕರಗಿಹೋಗಿತ್ತು. ಸರಿಯಾದ ಮೊತ್ತ 48,100 ರೂಪಾಯಿ. ವ್ಯತ್ಯಾಸ 3,330 ರೂಪಾಯಿ.

ಮರುದಿನ ತಂದೆ ಚೀಟಿ ಹಿಡಿದುಕೊಂಡು ಹೋದರು. ಅಂಗಡಿಯವರು ತೂಕದ ಪುಸ್ತಕ ತೆರೆದು ನೋಡಿ, ಬರೆಯುವಾಗ ಕಣ್ಣು ತಪ್ಪಿದ್ದನ್ನು ಒಪ್ಪಿಕೊಂಡು ಉಳಿದ ಹಣ ಕೊಟ್ಟರು. ಮೋಸವೇನೂ ಇರಲಿಲ್ಲ. ಆದರೆ ಕೇಳುವವರಿಲ್ಲದಿದ್ದರೆ ಆ ಹಣ ಮರಳಿ ಬರುತ್ತಲೂ ಇರಲಿಲ್ಲ.

ಗುಣಾಕಾರವೆಂದರೇನು?

ಶಾಲೆಯಲ್ಲಿ ಮೊದಲು ಹೇಳಿಕೊಡುವ ಅರ್ಥ, ಗುಣಾಕಾರವೆಂದರೆ ಪುನರಾವರ್ತಿತ ಸಂಕಲನ. ಐವತ್ತನ್ನು ಹದಿಮೂರು ಸಲ ಕೂಡಿಸುವ ಬದಲು 13 × 50 = 650 ಎಂದು ಒಮ್ಮೆಲೇ ಹೇಳುವುದು. ಈ ಅರ್ಥ ಸರಿ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಎರಡು ಸಂಖ್ಯೆಗಳೂ ಒಂದೇ ಜಾತಿಯವಲ್ಲ. ಹದಿಮೂರು ಎನ್ನುವುದು ಚೀಲಗಳ ಎಣಿಕೆ, ಐವತ್ತು ಎನ್ನುವುದು ಪ್ರತಿ ಚೀಲದ ಕಿಲೋ. ಉತ್ತರ ಬರುವುದು ಕಿಲೋದಲ್ಲಿ. ಕೂಡಿಸುವಾಗ ಕಿಲೋಗೆ ಕಿಲೋ ಮಾತ್ರ ಸೇರಿಸಬಹುದು. ಗುಣಿಸುವಾಗ ಚೀಲವೂ ಕಿಲೋವೂ, ಕ್ವಿಂಟಲ್ಲೂ ರೂಪಾಯಿಯೂ ಕೈಕೈ ಹಿಡಿಯುತ್ತವೆ. "ಪ್ರತಿಯೊಂದಕ್ಕೆ ಎಷ್ಟು, ಅಂಥವು ಎಷ್ಟು" ಎಂಬ ಎರಡು ಪ್ರಶ್ನೆಗಳು ಎದ್ದಲ್ಲೆಲ್ಲ ಗುಣಾಕಾರವಿದೆ.

ಎರಡನೆಯ ಅರ್ಥ ಹೊಲದಲ್ಲಿ ಕಾಣುತ್ತದೆ. ಮೂವತ್ತು ಸಾಲು, ಸಾಲಿಗೆ ಇನ್ನೂರು ಗಿಡ ಇದ್ದರೆ ಆರು ಸಾವಿರ ಗಿಡ. ಬದುವಿನ ಮೇಲೆ ನಿಂತು ಒಂದೊಂದೇ ಗಿಡ ಎಣಿಸುವ ಹುಚ್ಚುತನ ಯಾರೂ ಮಾಡುವುದಿಲ್ಲ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಎಣಿಸಿದರೆ ಸಾಕು. ಭೂಮಿಯ ಅಳತೆಯೂ ಇದೇ. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ. ಅಂದರೆ 1,089 ಚದರ ಅಡಿ. ಇಂಥ ಚೌಕಗಳನ್ನು ಒಂದು ಬದಿಗೆ ನಾಲ್ಕು, ಇನ್ನೊಂದು ಬದಿಗೆ ಹತ್ತು ಇಟ್ಟರೆ ನಲವತ್ತು ಗುಂಟೆ, ಅದೇ ಒಂದು ಎಕರೆ. 40ನ್ನು 1,089ರಿಂದ ಗುಣಿಸಿದರೂ, 132 ಅಡಿಯನ್ನು 330 ಅಡಿಯಿಂದ ಗುಣಿಸಿದರೂ 43,560 ಚದರ ಅಡಿಯೇ ಬರುತ್ತದೆ. ಮಕ್ಕಳು ಇದನ್ನು ಚೌಕದ ಹಾಳೆಯ ಮೇಲೆ ಬರೆದು ನೋಡಬೇಕು. ಹಾಗೆ ಬರೆದವರಿಗೆ ಇನ್ನೊಂದು ಸೋಜಿಗವೂ ಹೊಳೆಯುತ್ತದೆ: ಜಾಗದ ಉದ್ದವನ್ನೂ ಅಗಲವನ್ನೂ ಎರಡು ಪಟ್ಟು ಮಾಡಿದರೆ ವಿಸ್ತೀರ್ಣ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಮನೆ ಕಟ್ಟಿಸುವವರು ಫರಸಿ, ಸಿಮೆಂಟು, ಬಣ್ಣದ ಖರ್ಚಿನಲ್ಲಿ ಎಡವುವುದು ಹಲವು ಸಲ ಇಲ್ಲಿಯೇ.

ಮೂರನೆಯ ಅರ್ಥ ಕನ್ನಡದ ಶಬ್ದಗಳಲ್ಲಿಯೇ ಅಡಗಿದೆ. ಎರಡರಷ್ಟು ಎನ್ನುವುದಕ್ಕೆ 'ಇಮ್ಮಡಿ', ಮೂರರಷ್ಟಕ್ಕೆ 'ಮುಮ್ಮಡಿ', ನೂರರಷ್ಟಕ್ಕೆ 'ನೂರ್ಮಡಿ' ಎನ್ನುತ್ತಾರೆ. ಈ 'ಮಡಿ' ಬಟ್ಟೆ ಮಡಚುವ ಮಡಿಕೆಯನ್ನು ನೆನಪಿಸುತ್ತದೆ. ದುಪ್ಪಟಿಯನ್ನು ಒಮ್ಮೆ ಮಡಚಿದರೆ ಎರಡು ಪದರ, ಇನ್ನೊಮ್ಮೆ ಮಡಚಿದರೆ ನಾಲ್ಕು, ಮತ್ತೊಮ್ಮೆ ಮಡಚಿದರೆ ಎಂಟು. ಮಡಿಕೆ ಮೂರಾದರೆ ಪದರ ಆರಲ್ಲ, ಎಂಟು. ಹತ್ತು ಸಲ ಮಡಚಲು ಸಾಧ್ಯವಾದರೆ 1,024 ಪದರ. ಸಂಕಲನ ಮೆಟ್ಟಿಲು ಹತ್ತುತ್ತದೆ. ಇಮ್ಮಡಿಸುವ ಗುಣಾಕಾರ ನೆಗೆಯುತ್ತದೆ.

ಗುಣಿಸಿದರೆ ಸಂಖ್ಯೆ ಯಾವಾಗಲೂ ದೊಡ್ಡದಾಗುತ್ತದೆ ಎಂದು ಬಹಳ ಮಕ್ಕಳು ನಂಬಿರುತ್ತಾರೆ. ಅರ್ಧದಿಂದ ಗುಣಿಸಿದಾಗ ಎಂಟು ನಾಲ್ಕಾಗುವುದನ್ನು ಕಂಡು ಗಾಬರಿಯಾಗುತ್ತಾರೆ. "ಎಂಟರ ಅರ್ಧದಷ್ಟು" ಎಂದು ಓದಿಕೊಂಡರೆ ಗಾಬರಿಗೆ ಎಡೆಯಿಲ್ಲ. ಮುತ್ಯಾನಂಥವರಿಗೆ ಈ ತೊಡಕು ಬರಲಿಲ್ಲ. ಅವರ ಬಾಲ್ಯದಲ್ಲಿ ರೂಪಾಯಿಗೆ ಹದಿನಾರು ಆಣೆ. ದೇಶದಲ್ಲಿ ರೂಪಾಯಿಗೆ ನೂರು ಪೈಸೆಯ ಪದ್ಧತಿ ಬಂದದ್ದು 1957ರ ಏಪ್ರಿಲ್ 1ರಂದು. ಆಣೆ, ಸೇರು, ಪಾವುಗಳ ಆ ಕಾಲದಲ್ಲಿ ಕಾಲು, ಅರೆ, ಮುಕ್ಕಾಲು, ಸವ್ವಾ, ದೀಡ, ಅಡೀಚಗಳಿಗೂ ಮಗ್ಗಿ ಇತ್ತು. ದೀಡ ನೂರು, ಅಡೀಚ ಸಾವಿರ ಎಂಬ ಮಾತು ಈ ಭಾಗದ ಸಂತೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಭಿನ್ನರಾಶಿಯನ್ನು ಪುಸ್ತಕದಲ್ಲಿ ನೋಡುವ ಮೊದಲೇ ಅವರು ತಕ್ಕಡಿಯಲ್ಲಿ ನೋಡಿದ್ದರು.

ಇದೇ ಜಿಲ್ಲೆಯ ಮಹಾವೀರ

ಗುಣಾಕಾರದ ಮಾತು ಬಂದಾಗ ಕಲಬುರಗಿ ಜಿಲ್ಲೆಯ ಮಕ್ಕಳು ಮರೆಯಬಾರದ ಹೆಸರೊಂದಿದೆ. ಸೇಡಂ ತಾಲ್ಲೂಕಿನ ಮಳಖೇಡ ಇಂದು ಕಾಗಿಣಾ ನದಿಯ ದಂಡೆಯ ಒಂದು ಊರು. ಒಂಬತ್ತನೆಯ ಶತಮಾನದಲ್ಲಿ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ತನ್ನ ಗ್ರಂಥದಲ್ಲಿ ಕೊಂಡಾಡಿದ ಗಣಿತಜ್ಞ ಮಹಾವೀರಾಚಾರ್ಯ. ಸುಮಾರು ಕ್ರಿ.ಶ. 850ರಲ್ಲಿ ಅವನು ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ' ಖಗೋಳದ ಜೊತೆಗೆ ಬೆರೆಯದೆ ಗಣಿತಕ್ಕಾಗಿಯೇ ಮೀಸಲಾದ ಗ್ರಂಥ. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಹೊರಜಗತ್ತು ಬೆರಗಾಗಿ ನೋಡಿತು.

ಮಹಾವೀರ ಹೇಳುವ ಎಂಟು ಪರಿಕರ್ಮಗಳು ಗುಣಾಕಾರದಿಂದಲೇ ಆರಂಭವಾಗುತ್ತವೆ. ಸಾಮಾನ್ಯ ಕೂಡುವುದು ಕಳೆಯುವುದು ಓದುಗನಿಗೆ ಬರುತ್ತದೆಂದು ಇಟ್ಟುಕೊಂಡೇ ಅವನು ಮುಂದೆ ಸಾಗುತ್ತಾನೆ. ಗುಣಿಸಲು ಒಂದೇ ದಾರಿಯನ್ನೂ ಅವನು ಹೇಳುವುದಿಲ್ಲ. ಬಾಗಿಲ ಕದ ಜೋಡಿಸಿದಂತೆ ಸಂಖ್ಯೆಗಳನ್ನಿಟ್ಟು ಗುಣಿಸುವ 'ಕವಾಟಸಂಧಿ' ಒಂದು ಕ್ರಮ. ಸಂಖ್ಯೆಯನ್ನು ತುಂಡು ಮಾಡಿ ಗುಣಿಸುವ ಖಂಡ ಕ್ರಮ ಇನ್ನೊಂದು. ಆರೂವರೆಯನ್ನು ಆರು ಮತ್ತು ಅರ್ಧವೆಂದು ಒಡೆದು ಮುತ್ಯಾ ಮಾಡಿದ ಲೆಕ್ಕದಲ್ಲಿಯೂ ಇದೇ ಜಾಣ್ಮೆಯಿದೆ. ಪುಸ್ತಕ ಓದದವರ ಬಾಯಲ್ಲಿಯೂ ಸಾವಿರದ ನೂರು ವರ್ಷಗಳಿಗಿಂತ ಹಳೆಯ ವಿದ್ಯೆ ಉಳಿದಿತ್ತು!

ಮಹಾವೀರನಿಗೆ ಗುಣಾಕಾರದಲ್ಲಿ ಆಟವೂ ಇಷ್ಟ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಉತ್ತರಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸರ, 111111111. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. ಇವನ್ನು ರಜೆಯ ದಿನ ಮಕ್ಕಳು ಕೈಯಾರೆ ಗುಣಿಸಿ ನೋಡಲಿ. ಹೀಗೆ ಸಿಕ್ಕ ಹಾರ ಯಂತ್ರದ ಗುಂಡಿ ಒತ್ತಿ ಪಡೆದದ್ದಕ್ಕಿಂತ ಚೆಂದ. ಮುಂದೆ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿಯೇ 'ವ್ಯವಹಾರಗಣಿತ' ಬರೆದ. ಆ ಹೆಸರೇ ಹೇಳುವಂತೆ ಗಣಿತ ದಿನಬಳಕೆಯ ವ್ಯವಹಾರಕ್ಕೂ ಬೇಕಾದದ್ದು.

ಮನೆಯೊಳಗಿನ ಗುಣಾಕಾರ

ವ್ಯವಹಾರವೆಂದರೆ ಅಂಗಡಿ ಮುಂಗಟ್ಟು ಮಾತ್ರವಲ್ಲ. ಮಗುವಿಗೆ ಜ್ವರ ಬಂದು ವೈದ್ಯರು ದಿನಕ್ಕೆ ಮೂರು ಸಲ, ಸಲಕ್ಕೆ 5 ಮಿಲಿಲೀಟರ್‌ನಂತೆ ಐದು ದಿನ ಔಷಧಿ ಕೊಡಲು ಬರೆದಿದ್ದಾರೆ ಎಂದು ಇಟ್ಟುಕೊಳ್ಳಿ. 5 × 3 × 5 = 75 ಮಿಲಿಲೀಟರ್. ತಂದ ಬಾಟಲಿ 60 ಮಿಲಿಲೀಟರಿನದಾದರೆ ಅದು ನಾಲ್ಕನೆಯ ದಿನವೇ ಮುಗಿಯುತ್ತದೆ. ಬಾಟಲಿ ಮುಗಿದದ್ದಕ್ಕೇ ಔಷಧಿ ಮುಗಿಯಿತು ಎಂದುಕೊಂಡರೆ ಚಿಕಿತ್ಸೆ ಅರ್ಧಕ್ಕೆ ನಿಂತಂತೆ. ಈ ಗುಣಾಕಾರವನ್ನು ಔಷಧಿ ಅಂಗಡಿಯ ಮುಂದೆಯೇ ಮಾಡಿದರೆ ಎರಡನೆಯ ಬಾಟಲಿ ಅಂದೇ ಮನೆಗೆ ಬರುತ್ತದೆ.

ವಿದ್ಯುತ್ತಿನ ಲೆಕ್ಕವೂ ಹೀಗೆಯೇ. 60 ವಾಟ್‌ನ ಹಳೆಯ ಬಲ್ಬನ್ನು ದಿನಕ್ಕೆ ಐದು ಗಂಟೆಯಂತೆ ಮೂವತ್ತು ದಿನ ಉರಿಸಿದರೆ 60 × 5 × 30 = 9,000 ವಾಟ್-ಗಂಟೆ, ಅಂದರೆ 9 ಯೂನಿಟ್. ಅದರ ಜಾಗದಲ್ಲಿ 9 ವಾಟ್‌ನ ಎಲ್‌ಇಡಿ ದೀಪ ಹಾಕಿದರೆ 1,350 ವಾಟ್-ಗಂಟೆ. ಒಂದೂವರೆ ಯೂನಿಟ್ಟೂ ಆಗುವುದಿಲ್ಲ. ಸೋರುವ ನಲ್ಲಿಯಿಂದ ಗಂಟೆಗೆ ಒಂದೇ ಲೀಟರ್ ನೀರು ಹೋಗುತ್ತಿದ್ದರೂ 24 × 30 = 720 ಲೀಟರ್ ಒಂದು ತಿಂಗಳಲ್ಲಿ ಮೋರಿಗೆ. ಹದಿನೈದು ಲೀಟರಿನ ಕೊಡದಲ್ಲಿ ಅದು ನಲವತ್ತೆಂಟು ಕೊಡ. ಬೇಸಿಗೆಯಲ್ಲಿ ದೂರದಿಂದ ನೀರು ಹೊತ್ತು ತರುವ ತಾಯಂದಿರಿಗೆ ಈ ನಲವತ್ತೆಂಟರ ಭಾರ ಯಾರೂ ತಿಳಿಸಿ ಹೇಳಬೇಕಿಲ್ಲ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಬಡ್ಡಿಯ ಲೆಕ್ಕದಲ್ಲಿ. "ನೂರಕ್ಕೆ ಮೂರೇ ರೂಪಾಯಿ" ಎಂದಾಗ ಕಿವಿಗೆ ಅದು ಹಗುರಾಗಿ ಕೇಳಿಸುತ್ತದೆ. ಆದರೆ ಅದು ತಿಂಗಳ ಬಡ್ಡಿ. ಹತ್ತು ಸಾವಿರದಲ್ಲಿ ನೂರು ನೂರುಗಳಿವೆ. ತಿಂಗಳಿಗೆ 300, ವರ್ಷಕ್ಕೆ 3,600 ರೂಪಾಯಿ. ಅಂದರೆ ವರ್ಷಕ್ಕೆ ಶೇಕಡಾ 36. ಬಡ್ಡಿ ಕಟ್ಟದೆ ಅದು ತಿಂಗಳು ತಿಂಗಳು ಅಸಲಿಗೆ ಸೇರುತ್ತ ಹೋದರೆ ವರ್ಷದ ಕೊನೆಗೆ ಸಾಲ ಸುಮಾರು 14,258 ರೂಪಾಯಿ. ಎರಡು ವರ್ಷ ತುಂಬುವ ಹೊತ್ತಿಗೆ ಇಪ್ಪತ್ತು ಸಾವಿರ ದಾಟಿರುತ್ತದೆ. ದುಪ್ಪಟಿಯ ಮಡಿಕೆಯಲ್ಲಿ ಕಂಡ ಇಮ್ಮಡಿಯೇ ಇಲ್ಲಿ ಮನೆಯ ಹೆಗಲ ಮೇಲೆ ಕೂರುತ್ತದೆ. ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಹನ್ನೆರಡರಿಂದ ಒಮ್ಮೆ ಗುಣಿಸಿ ನೋಡಿದವನು ಎಷ್ಟೋ ರಾತ್ರಿಗಳ ನಿದ್ದೆ ಉಳಿಸಿಕೊಳ್ಳುತ್ತಾನೆ.

ಮಗ್ಗಿ ಬೇಡವೇ?

ಹಾಗಾದರೆ ಮಗ್ಗಿ ಬಾಯಿಪಾಠ ಮಾಡುವುದು ವ್ಯರ್ಥವೇ? ಖಂಡಿತ ಅಲ್ಲ. ಮುತ್ಯಾ "ಆರೇಳ್ಲೆ?" ಎಂದಾಗ ಮೊಮ್ಮಗ ತಡವರಿಸದೆ "ನಲವತ್ತೆರಡು" ಎಂದದ್ದರಿಂದಲೇ ತಪ್ಪು ಸಿಕ್ಕಿತು. ಬಾಯಲ್ಲಿ ಮಗ್ಗಿ ಇದ್ದರೆ ಮನಸ್ಸು ಅರ್ಥದ ಕಡೆ ತಿರುಗಲು ಬಿಡುವಾಗಿರುತ್ತದೆ. ಇಂದು ಪ್ರತಿ ಮನೆಯ ಮೊಬೈಲಿನಲ್ಲಿಯೂ ಲೆಕ್ಕದ ಯಂತ್ರವಿದೆ. ಆದರೆ 6.05 ಕೊಟ್ಟರೆ ಅದು 6.05ನ್ನೇ ಗುಣಿಸುತ್ತದೆ, "ಹದಿಮೂರು ಚೀಲ ಇದ್ದವಲ್ಲ?" ಎಂದು ಕೇಳುವುದಿಲ್ಲ. ಆ ಪ್ರಶ್ನೆ ಕೇಳಬೇಕಾದವನು ಮನುಷ್ಯ.

ಮಕ್ಕಳು ರೂಢಿಸಿಕೊಳ್ಳಬೇಕಾದ ಅಭ್ಯಾಸ ಮೂರು. ಗುಣಿಸುವ ಮೊದಲು, ಯಾವುದನ್ನು ಯಾವುದರಿಂದ ಗುಣಿಸುತ್ತಿದ್ದೇನೆ ಎಂದು ಹೇಳಿಕೊಳ್ಳಬೇಕು. ಉತ್ತರ ಸುಮಾರು ಎಷ್ಟಿರಬೇಕೆಂದು ಅಂದಾಜು ಮಾಡಬೇಕು. ಗುಣಿಸಿದ ಮೇಲೆ ಉತ್ತರ ಆ ಅಂದಾಜಿನ ಹತ್ತಿರ ಬಿದ್ದಿದೆಯೇ ಎಂದು ನೋಡಬೇಕು. ಅಂದಾಜು ಮಾಡುವುದು ಕಷ್ಟವಲ್ಲ. 19 × 7 ಮರೆತುಹೋದರೆ ಇಪ್ಪತ್ತೇಳ್ಲೆ ನೂರಾ ನಲವತ್ತು, ಅದರಲ್ಲಿ ಒಂದು ಏಳು ಕಳೆದರೆ ನೂರಾ ಮೂವತ್ತಮೂರು. 98 × 6 ಎಂದರೆ ಆರು ನೂರರಲ್ಲಿ ಹನ್ನೆರಡು ಕಡಿಮೆ, 588. ಇದು ಸೋಮಾರಿತನವಲ್ಲ; ಇದೇ ಲೆಕ್ಕದ ಜಾಣತನ.

ಪಾಲಕರಿಗೂ ಒಂದು ಮಾತು. "ಹದಿನೇಳರ ಮಗ್ಗಿ ಒಪ್ಪಿಸು" ಎಂದು ಕೇಳುವುದು ಒಳ್ಳೆಯದೇ. ಅದರ ಜೊತೆಗೆ ಸಂತೆಗೆ ಹೋಗುವಾಗ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ, ಚೀಟಿ ಅವರ ಕೈಗೆ ಕೊಡಬೇಕು. ಹಾಲಿನ ಲೆಕ್ಕ, ಕರೆಂಟಿನ ಬಿಲ್ಲು, ಹೊಲದ ಕೂಲಿ, ಬೀಜದ ಚೀಲದ ಮೇಲೆ ಬರೆದ ತೂಕ, ಎಲ್ಲವೂ ಪಠ್ಯಪುಸ್ತಕಗಳೇ. ಮಗು ತಪ್ಪು ಹೇಳಿದರೆ ಗದರದೆ, ಮುತ್ಯಾ ಕೇಳಿದ ಹಾಗೆ ಒಂದೊಂದೇ ಪ್ರಶ್ನೆ ಕೇಳಿದರೆ ಸಾಕು. ಉತ್ತರ ಅದರ ಬಾಯಿಂದಲೇ ಬರುತ್ತದೆ.

ನಿಂಬರ್ಗಾದ ಆ ಕಟ್ಟೆಯ ಮೇಲೆ ಈಗಲೂ ಸಂಜೆ ಮಗ್ಗಿ ಕೇಳುತ್ತದೆ. ಹುಡುಗನ ಲೆಕ್ಕದ ವಹಿಯಲ್ಲಿ ಮಾತ್ರ ಒಂದು ಬದಲಾವಣೆಯಾಗಿದೆ. ಪ್ರತಿ ಲೆಕ್ಕದ ಪಕ್ಕದಲ್ಲಿ ಅವನು ಒಂದು ಗೆರೆ ಎಳೆದು, ಮೊದಲು 'ಅಂದಾಜು' ಎಂದು ಬರೆದು, ಆಮೇಲೆ ಗುಣಿಸುತ್ತಾನೆ. ಶಾಲೆಯಲ್ಲಿ ಅದಕ್ಕೆ ಅಂಕವಿಲ್ಲ. ಮುತ್ಯಾ ಕನ್ನಡಕ ಏರಿಸಿಕೊಂಡು ಆ ಅಂದಾಜಿನ ಸಾಲನ್ನಷ್ಟೇ ನೋಡಿ, "ಈಗ ಬರೋಬರಿ" ಎನ್ನುತ್ತಾರೆ.